ತೂಗಿ ನೀರು ಹಾಕುತ್ತಿದ್ದ ನೀರಣ್ಣ

ನಮ್ಮ ಮಣ್ಣು ಸಂಶೋಧನಾ ಕೇಂದ್ರದಲ್ಲಿ ಬೆಳೆಗಳ ಬಗ್ಗೆ ಎಲ್ಲವನ್ನೂ ಓದಿಕೊಂಡವರು ಹನ್ನೊಂದು ಜನ ಇದ್ದರು. ಅವರ ಹೆಸರಿನ ಹಿಂದೆ ಮುಂದೆ ಪದವಿಗಳಿದ್ದವು. ದಿನಾ ಬೆಳೆಗಳ ಮುಖ ನೋಡುತ್ತಿದ್ದವನು ಮಾತ್ರ ಒಬ್ಬನೇ. ಅವನ ಹೆಸರಿನ ಹಿಂದೆ ಮುಂದೆ ಏನೂ ಇರಲಿಲ್ಲ. ಬರಬರುತ್ತಾ ಹೆಸರೂ ಉಳಿಯಲಿಲ್ಲ. ಕುಂಡಗಳಿಗೆ ನೀರು ಹಾಕುವವನಾದ್ದರಿಂದ ಡೈರೆಕ್ಟರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವನು ನೀರಣ್ಣ.

ನಾನು ಅಲ್ಲಿ ಸ್ಟೋರ್‌ಕೀಪರ್. ಸಹಿಯಾದ ಚೀಟಿ ಇಲ್ಲದೆ ಒಂದು ಗುಂಡುಸೂಜಿಯನ್ನೂ ಯಾರ ಕೈಗೂ ಕೊಟ್ಟವನಲ್ಲ. ನೀರಣ್ಣನ ಕಥೆ ಹೇಳುವ ಮೊದಲು ಇದನ್ನು ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅವನ ಬದುಕಿನಲ್ಲಿ ನಡೆದ ಒಂದೇ ಒಂದು ದೊಡ್ಡ ಘಟನೆಗೆ ನನ್ನ ಮಿತವ್ಯಯವೇ ಕಾರಣ, ಮತ್ತು ಆ ಮಿತವ್ಯಯಕ್ಕೆ ನನ್ನ ಬೆನ್ನು ತಟ್ಟಲಾಯಿತು.

ನೀರು ಹಾಕುವುದೆಂದರೆ ಕೊಡ ಬಗ್ಗಿಸಿ ಸುರಿದು ಹೋಗುವ ಕೆಲಸ ಅಂದುಕೊಳ್ಳಬೇಡಿ. ಗಾಜಿನ ಮನೆಯಲ್ಲಿ ತೊಂಬತ್ತಾರು ಕುಂಡಗಳು. ಪ್ರತಿ ಬೆಳಿಗ್ಗೆ ಒಂದೊಂದನ್ನೂ ಎತ್ತಿ ತಕ್ಕಡಿಯ ಮೇಲಿಟ್ಟು, ನಿನ್ನೆಯಿಂದ ಎಷ್ಟು ತೂಕ ಇಳಿದಿದೆ ಎಂದು ನೋಡಿ, ಇಳಿದಷ್ಟನ್ನು ಮಾತ್ರ ಬಟ್ಟಿ ಇಳಿಸಿದ ನೀರಿನಿಂದ ತುಂಬಬೇಕು. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆಯಿಲ್ಲ. ತುಂಬಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಇಪ್ಪತ್ತಾರು ವರ್ಷ ನೀರಣ್ಣ ಹೀಗೆ ತೂಗಿ ತೂಗಿ ನೀರು ಹಾಕಿದ್ದ. ಮನೆಯಲ್ಲಿ ಲೋಟಕ್ಕೆ ನೀರು ಬಗ್ಗಿಸುವಾಗಲೂ ಅವನ ಕೈ ತಡೆದು ತಡೆದು ಬಗ್ಗಿಸುತ್ತದೆಂದು, ಅಷ್ಟರಲ್ಲಿ ಕೇಳಿದವರ ಬಾಯಾರಿಕೆಯೇ ಹೋಗಿರುತ್ತದೆಂದು ಅವನ ಹೆಂಡತಿ ಹೇಳುತ್ತಿದ್ದಳು.

ಗಾಜಿನ ಮನೆಯೊಳಗೆ ಹೋಗುವ ಮುಂಚೆ ಅವನು ನನ್ನ ಮೇಜಿನ ಮೇಲೆ ಬೀಗದ ಕೈ, ಚಿಲ್ಲರೆ, ಬೆರಳಿನ ಉಂಗುರ ಎಲ್ಲವನ್ನೂ ಇಟ್ಟು ಹೋಗುತ್ತಿದ್ದ. ಅಂಗಿಗೆ ಲೋಹದ ಗುಂಡಿ ಕೂಡ ಇರಬಾರದು. ಕುಂಡಗಳೂ ಪ್ಲಾಸ್ಟಿಕ್ಕಿನವು, ಆಮ್ಲದಲ್ಲಿ ಅದ್ದಿ ತೊಳೆದವು. ಇಷ್ಟೊಂದು ಮಡಿವಂತಿಕೆ ಏಕೆಂದರೆ ಅಲ್ಲಿ ನಡೆಯುತ್ತಿದ್ದುದು ಸತುವಿನ ಪ್ರಯೋಗ. ಗಿಡಕ್ಕೆ ಬೇಕಾಗುವ ಸತು ಎಳ್ಳಷ್ಟೂ ಅಲ್ಲ, ಎಳ್ಳಿನ ನೆರಳಿನಷ್ಟು. ಅಷ್ಟು ಸಿಗದಿದ್ದರೆ ಗೋಧಿಯ ಎಲೆ ನಡುಮಧ್ಯದಲ್ಲಿ ಬಿಳಿಚಿಕೊಂಡು, ಆಮೇಲೆ ಕಂದಾಗಿ, ಮುರಿದು ಜೋತುಬೀಳುತ್ತದೆ. ಗಿಡ ಮೊಣಕಾಲೆತ್ತರಕ್ಕೂ ಬರುವುದಿಲ್ಲ. ಅಷ್ಟೇ ಅಷ್ಟು ಸಿಕ್ಕರೆ ಏನೂ ಆಗಿಲ್ಲದ ಹಾಗೆ ಎದ್ದು ನಿಲ್ಲುತ್ತದೆ.

ಪ್ರಯೋಗಕ್ಕೆ ತಂದಿದ್ದ ಬಿಳಿಮಣ್ಣಿನಲ್ಲಿ ಸತು ಇರಲಿಲ್ಲವೆಂದಲ್ಲ. ಇತ್ತು. ಆದರೆ ಮಣ್ಣಿನ ಸುಣ್ಣ ಅದನ್ನು ಹಲ್ಲು ಕಚ್ಚಿ ಹಿಡಿದುಕೊಂಡಿತ್ತು. ನೀರಣ್ಣ ಇದನ್ನು ನನ್ನೆದುರಿಗೇ ಬೇರೆಯವರಿಗೆ ವಿವರಿಸುತ್ತಿದ್ದ. ನಮ್ಮ ಸ್ಟೋರಿನಲ್ಲಿ ಸಾಮಾನು ಇದ್ದ ಹಾಗೆ, ಇದೆ, ಆದರೆ ಕೊಡುವುದಿಲ್ಲ ಎಂದು. ಗಿಡ ಸುಮ್ಮನೆ ಕೂರುವುದಿಲ್ಲ. ಬೇರಿನ ತುದಿಯಿಂದ ಒಂದು ಬಗೆಯ ರಸ ಒಸರಿಸಿ, ಸುಣ್ಣದ ಹಿಡಿತದಿಂದ ಸತುವನ್ನು ಬಿಡಿಸಿ ಒಳಗೆಳೆದುಕೊಳ್ಳುತ್ತದೆ. ಕೆಲವು ಬೇರುಗಳು ಮಣ್ಣಿನ ಶಿಲೀಂಧ್ರದ ಎಳೆಗಳ ಜೊತೆ ನಂಟು ಬೆಳೆಸುತ್ತವೆ. ತಮ್ಮ ಕೈಗೆ ಎಟುಕದ ಕಡೆಯಿಂದ ಆ ಎಳೆಗಳ ಮೂಲಕ ತರಿಸಿಕೊಳ್ಳುತ್ತವೆ, ಬದಲಿಗೆ ಒಂದಿಷ್ಟು ಸಕ್ಕರೆ ಕೊಡುತ್ತವೆ. ಕೆಲವು ತಳಿಗಳಿಗೆ ಈ ವಿದ್ಯೆ ಚೆನ್ನಾಗಿ ಬರುತ್ತದೆ, ಕೆಲವಕ್ಕೆ ಬರುವುದೇ ಇಲ್ಲ. ಬರುವ ತಳಿ ಯಾವುದೆಂದು ಹುಡುಕಿದರೆ ಬಿಳಿಮಣ್ಣಿನ ರೈತರು ಸತು ಕೊಂಡು ಹಾಕುವ ತಾಪತ್ರಯ ತಪ್ಪುತ್ತದೆ ಎನ್ನುವುದು ಡೈರೆಕ್ಟರ ಆಸೆ. ಆಸೆ ಒಳ್ಳೆಯದೇ. ಅದರಲ್ಲಿ ಎರಡು ಮಾತಿಲ್ಲ.

ಆರು ತಳಿಗಳು. ಒಂದೊಂದು ತಳಿಗೆ ಹದಿನಾರು ಕುಂಡ. ಎಂಟಕ್ಕೆ ಸತು ಹಾಕಿದ್ದರು, ಎಂಟಕ್ಕೆ ಹಾಕಿರಲಿಲ್ಲ. ಹಾಕದ ಎಂಟನ್ನು ಸೊನ್ನೆ ಕುಂಡ ಎನ್ನುತ್ತಿದ್ದರು. ಅವುಗಳಿಗೆ ನೀರು ಹಾಕುವುದೆಂದರೆ ನೀರಣ್ಣನಿಗೆ ಸಂಕಟ. ಊಟ ಕೊಡದೆ ನೀರು ಮಾತ್ರ ಕುಡಿಸಿ, ಎಷ್ಟು ದಿನ ಬದುಕುತ್ತೆ ಅಂತ ಬರೆದಿಡೋ ಕೆಲಸ ಕಣ್ರೀ ಇದು ಎಂದು ಒಮ್ಮೆ ಹೇಳಿದ್ದ. ಅದೇ ಉಸಿರಿನಲ್ಲಿ, ಆದರೂ ಲೆಕ್ಕ ತಪ್ಪಬಾರದು ಎಂದೂ ಹೇಳಿದ್ದ.

ಆರರಲ್ಲಿ ಡೈರೆಕ್ಟರ ಕಣ್ಮಣಿ ನಲವತ್ತೊಂದನೇ ತಳಿ. ಅದನ್ನು ಅವರೇ ಒಂಬತ್ತು ವರ್ಷ ಕೂತು ತಳಿಗೆ ತಳಿ ಅಡ್ಡಹಾಯಿಸಿ ತಯಾರು ಮಾಡಿದ್ದರು. ಕುಂಡಗಳ ಜಾಗವನ್ನು ವಾರಕ್ಕೊಮ್ಮೆ ಅದಲುಬದಲು ಮಾಡಬೇಕು, ಯಾವ ತಳಿಗೂ ಬಿಸಿಲು ಗಾಳಿಯಲ್ಲಿ ಪಕ್ಷಪಾತ ಆಗಬಾರದು ಎನ್ನುವುದು ನಿಯಮ. ಆ ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆದು ಗಾಜಿನ ಮನೆಯ ಬಾಗಿಲಿಗೆ ಅಂಟಿಸಿದವರೂ ಡೈರೆಕ್ಟರೇ. ಆದರೆ ಬಂದವರಿಗೆ ಮೊದಲು ಕಾಣಬೇಕೆಂದು ನಲವತ್ತೊಂದರ ಸಾಲನ್ನು ಮಾತ್ರ ಕಿಟಕಿಯ ಪಕ್ಕದಲ್ಲಿ ಕೂರಿಸಿ, ಅದು ಅಲ್ಲೇ ಇರಲಿ ಎಂದರು. ಉಳಿದ ಐದು ತಳಿಗಳು ವಾರವಾರ ಮನೆ ಬದಲಾಯಿಸುತ್ತಾ ಓಡಾಡಿದವು.

ಕಿಟಕಿ ಎಂದ ಮೇಲೆ ಗುಬ್ಬಚ್ಚಿಗಳು ಬಂದವು. ಎಳೆಯ ಸುಳಿಗಳನ್ನು ಕಿತ್ತವು. ಡೈರೆಕ್ಟರು ಕೆಂಡಾಮಂಡಲವಾಗಿ, ಆ ಸಾಲಿನ ಮೇಲೆ ನೈಲಾನ್ ಬಲೆ ಹಾಕಿಸಿ ಎಂದು ನನಗೆ ಹೇಳಿಕಳಿಸಿದರು. ನೈಲಾನ್ ಬಲೆ ಸ್ಟೋರಿನಲ್ಲಿ ಇರಲಿಲ್ಲ. ಕೊಳ್ಳಬೇಕೆಂದರೆ ಮೂರು ಕಡೆ ದರ ಕೇಳಬೇಕು, ನಾಲ್ಕು ಸಹಿ ಹಾಕಿಸಬೇಕು. ಮೂಲೆಯಲ್ಲಿ ಹಳೆಯ ಬೇಲಿಯಿಂದ ಉಳಿದ ತಂತಿಯ ಜಾಲರಿಯ ಸುರುಳಿಯೊಂದು ಬಿದ್ದಿತ್ತು. ಸಣ್ಣ ಕಣ್ಣಿನದು, ಗಟ್ಟಿಯಾದದ್ದು, ಹೊಳೆಯುತ್ತಿದ್ದದ್ದು. ಅದನ್ನೇ ಕತ್ತರಿಸಿ ಹಾಕಿಸಿದೆ. ಒಂದು ಮೂಲೆಯಲ್ಲಿ ಕಂಬ ಅಡ್ಡ ಬಂದಿದ್ದರಿಂದ ಒಂದು ಕುಂಡದಷ್ಟು ಜಾಗ ಮಾತ್ರ ಬಯಲಾಗಿ ಉಳಿಯಿತು. ಖರ್ಚು ಉಳಿಸಿದ್ದಕ್ಕೆ ಕಚೇರಿಯಿಂದ ನನಗೊಂದು ಪ್ರಶಂಸಾಪತ್ರ ಬಂತು. ಇಪ್ಪತ್ತು ವರ್ಷದ ಸೇವೆಯಲ್ಲಿ ಬಂದದ್ದು ಅದೊಂದೇ.

ಎಂಟು ವಾರಕ್ಕೆ ಪವಾಡವಾಯಿತು. ಉಳಿದ ಐದು ತಳಿಗಳ ಸೊನ್ನೆ ಕುಂಡಗಳು ಬಿಳಿಚಿಕೊಂಡು ಮುದುರಿದವು. ನಲವತ್ತೊಂದರ ಸೊನ್ನೆ ಕುಂಡಗಳಲ್ಲಿ ಏಳು, ಸತು ಹಾಕಿದ ಕುಂಡಗಳಿಗೆ ಸಮಸಮನಾಗಿ ಹಸಿರು ಉಕ್ಕಿಸಿಕೊಂಡು ನಿಂತವು. ಎಂಟನೆಯದು, ಕಂಬದ ಮೂಲೆಯದು, ಬಡಕಲಾಗಿ ಬಿಳಿಚಿಕೊಂಡಿತ್ತು. ಹನ್ನೊಂದು ಜನ ಸೇರಿ ಚರ್ಚೆ ಮಾಡಿ, ಆ ಒಂದು ಕುಂಡ ಅಪವಾದ, ಅದನ್ನು ಲೆಕ್ಕದಿಂದ ಬಿಡೋಣ ಎಂದು ತೀರ್ಮಾನಿಸಿದರು. ಅಂದೇ ಸಂಜೆ ಎಲ್ಲರಿಗೂ ಚಹಾ ಬಿಸ್ಕತ್ತು ಆಯಿತು. ಚೀಟಿ ಬಂದಿದ್ದರಿಂದ ಬಿಸ್ಕತ್ತು ಕೊಟ್ಟವನು ನಾನೇ.

ನೀರಣ್ಣ ಮಾತ್ರ ಆ ಅಪವಾದದ ಮುಂದೆ ಕೂತಿದ್ದ. ಅವನಿಗೆ ಬೇರೆ ಒಂದು ವಿಷಯ ತಲೆ ಕೊರೆಯುತ್ತಿತ್ತು. ನೋಟ್‌ಬುಕ್ಕು ಹಿಡಿದುಕೊಂಡು ಸ್ಟೋರಿಗೆ ಬಂದ. ದೊಡ್ಡ ಗಿಡ ಹೆಚ್ಚು ನೀರು ಕುಡಿಯಬೇಕು, ಅದು ಯಾರಿಗಾದರೂ ಗೊತ್ತಿರುವ ಮಾತು. ಆದರೆ ಕಿಟಕಿಯ ಸಾಲಿನ ಆ ಎತ್ತರದ ಗಿಡಗಳಿಗೆ ಪ್ರತಿ ಬೆಳಿಗ್ಗೆ ತುಂಬಬೇಕಾದ ನೀರು ಲೆಕ್ಕಕ್ಕಿಂತ ಆರೇಳು ಗ್ರಾಂ ಕಡಿಮೆಯೇ ಇರುತ್ತಿತ್ತು. ಯಾರೋ ಕದ್ದು ನೀರು ಕುಡಿಸಿದ ಹಾಗೆ. ಕಂಬದ ಮೂಲೆಯ ಕುಂಡದ ಲೆಕ್ಕ ಮಾತ್ರ ಸರಿಯಾಗಿತ್ತು. ಒಂದು ದಿನ ಬೆಳಕು ಹರಿಯುತ್ತಲೇ ಹೋಗಿ ನೋಡಿದಾಗ ಜಾಲರಿಯ ತುಂಬ ಇಬ್ಬನಿ ಕಟ್ಟಿ, ಹನಿಹನಿಯಾಗಿ ಎಲೆಗಳ ಮೇಲೆ, ಮಣ್ಣಿನ ಮೇಲೆ ತೊಟ್ಟಿಕ್ಕುತ್ತಿತ್ತಂತೆ.

“ಸ್ಟೋರ್ ಸಾರ್, ಆ ಜಾಲರಿ ಯಾವುದರದ್ದು?” ಎಂದು ಕೇಳಿದ.

“ಕಬ್ಬಿಣದ್ದು.”

“ಕಬ್ಬಿಣ ಆಗಿದ್ರೆ ಇಷ್ಟೊತ್ತಿಗೆ ತುಕ್ಕು ಹಿಡೀಬೇಕಿತ್ತಲ್ಲ ಸಾರ್. ಅದರ ಮೇಲೆ ಏನು ಬಳಿದಿರ್ತಾರೆ?”

ನಾನು ದಾಸ್ತಾನು ಪುಸ್ತಕ ತೆಗೆಯಲಿಲ್ಲ. ತೆಗೆಯುವ ಅಗತ್ಯವಿರಲಿಲ್ಲ. ಕಬ್ಬಿಣದ ತಂತಿಗೆ ತುಕ್ಕು ಹಿಡಿಯದಿರಲಿ ಎಂದು ಸತುವನ್ನೇ ಬಳಿಯುತ್ತಾರೆ ಎನ್ನುವುದು ಸ್ಟೋರಿನಲ್ಲಿ ಇಷ್ಟು ವರ್ಷ ಕೂತವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಉಂಗುರ ತೆಗೆದಿಟ್ಟು, ಗುಂಡಿ ಬದಲಿಸಿ, ಕುಂಡವನ್ನು ಆಮ್ಲದಲ್ಲಿ ತೊಳೆದು ಒಂದು ಕಣ ಸತುವೂ ಒಳಗೆ ಬಾರದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೆವು. ಆಮೇಲೆ ಗಿಡಗಳ ನೆತ್ತಿಯ ಮೇಲೆ ಗಜಗಟ್ಟಲೆ ಸತುವನ್ನೇ ಚಪ್ಪರ ಹಾಕಿದ್ದೆವು. ನಲವತ್ತೊಂದಕ್ಕೆ ಮಣ್ಣಿನಿಂದ ಸತು ಬಿಡಿಸಿಕೊಳ್ಳುವ ಯಾವ ವಿದ್ಯೆಯೂ ಗೊತ್ತಿರಲಿಲ್ಲ. ಅದು ಬಾಯಿ ತೆರೆದುಕೊಂಡು ನಿಂತಿತ್ತು, ಮೇಲಿನಿಂದ ಬೀಳುತ್ತಿತ್ತು.

ನನಗೆ ಮೊದಲು ನೆನಪಾದದ್ದು ಪ್ರಶಂಸಾಪತ್ರ. ನಾಚಿಕೆಯ ಮಾತು, ಆದರೂ ನಿಜ. ಹನ್ನೊಂದು ಜನ ಓದಿದವರಿಗೆ ಕಾಣದ್ದು ನಿನಗೆ ಕಂಡಿತೇ, ಸುಮ್ಮನೆ ನಿನ್ನ ಕೆಲಸ ನೋಡು ಎಂದು ಅವನನ್ನು ಸಾಗಹಾಕಿದೆ. ಅವನು ಹೋಗುವಾಗ, ಗುಜರಿಗೆ ಹಾಕಿದ ಹತ್ತು ಬಿರುಕು ಕುಂಡಗಳನ್ನು ತೆಗೆದುಕೊಳ್ಳಲೇ ಎಂದು ಕೇಳಿದ. ಗುಜರಿಗೆ ಚೀಟಿ ಬೇಡವಾದ್ದರಿಂದ ಕೊಟ್ಟೆ.

ಪಂಪ್‌ಹೌಸಿನ ಹಿಂದೆ, ಮರದ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ನೀರಣ್ಣ ತನ್ನದೇ ಪ್ರಯೋಗ ಹೂಡಿದ. ಉಳಿದಿದ್ದ ಬಿಳಿಮಣ್ಣು, ಬಿತ್ತುವಾಗ ನೆಲಕ್ಕೆ ಬಿದ್ದಿದ್ದ ನಲವತ್ತೊಂದರ ಕಾಳು. ಹತ್ತಕ್ಕೂ ಸತು ಇಲ್ಲ. ಐದು ಕುಂಡಗಳ ಮೇಲೆ ಜಾಲರಿಯ ತುಂಡು, ಐದು ಬಯಲಿಗೆ. ಆರು ವಾರ ತನ್ನ ಕೆಲಸ ಮುಗಿಸಿ ಬಂದು ಇವನ್ನೂ ಗ್ರಾಂ ತಪ್ಪದಂತೆ ತೂಗಿ ನೀರು ಹಾಕಿದ. ಜಾಲರಿಯ ಕೆಳಗಿನ ಐದು ನಳನಳಿಸಿದವು. ಬಯಲಿನ ಐದು ಬಿಳಿಚಿಕೊಂಡು ಕೂತವು. ನಮ್ಮ ಕೇಂದ್ರದಲ್ಲಿ ಆ ವರ್ಷ ನಡೆದ ಅತ್ಯಂತ ಅಚ್ಚುಕಟ್ಟಾದ ಪ್ರಯೋಗ ಅದು ಎಂದು ಈಗ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಈಗ ನಾನು ನಿವೃತ್ತ.

ಹತ್ತೂ ಕುಂಡಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಿ ಡೈರೆಕ್ಟರ ಕೋಣೆಯ ಮುಂದೆ ಸಾಲಾಗಿ ಇಟ್ಟ. ಅವರು ಕೆಟ್ಟವರಲ್ಲ. ಎದ್ದು ಹೊರಗೆ ಬಂದು, ಬಗ್ಗಿ, ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದರು. ಅಷ್ಟು ಹೊತ್ತಿಗೆ ನಲವತ್ತೊಂದರ ಬೀಜವನ್ನು ಬಿಳಿಮಣ್ಣಿನ ರೈತರಿಗೆ ಹಂಚುವ ದಿನ ಗೊತ್ತಾಗಿತ್ತು, ಮೇಲಿನವರಿಂದ ಅಭಿನಂದನೆಯ ಪತ್ರ ಬಂದಾಗಿತ್ತು.

“ಈ ಐದಕ್ಕೆ ಸರಿಯಾಗಿ ನೀರು ಹಾಕಿದೀಯ, ಈ ಐದಕ್ಕೆ ಹಾಕಿಲ್ಲ. ಅಷ್ಟೇ ನೀರಣ್ಣ,” ಎಂದರು. ಭುಜ ತಟ್ಟಿ ಒಳಗೆ ಹೋದರು.

ಇಪ್ಪತ್ತಾರು ವರ್ಷದಲ್ಲಿ ಅವನ ನೀರಿನ ಬಗ್ಗೆ ಯಾರೂ ಹಾಗೆ ಹೇಳಿರಲಿಲ್ಲ. ಗಿಡ ಚೆನ್ನಾಗಿ ಬಂದರೆ ತಳಿಯ ಗುಣ, ಕೆಟ್ಟರೆ ನೀರು ಹಾಕಿದವನ ದೋಷ. ಇದು ವಿಜ್ಞಾನವೋ ಕಚೇರಿಯ ಪದ್ಧತಿಯೋ ನನಗೆ ತಿಳಿಯದು. ಅವತ್ತು ಅವನು ಉಂಗುರವನ್ನು ನನ್ನ ಮೇಜಿನ ಮೇಲೇ ಮರೆತು ಮನೆಗೆ ಹೋದ.

ಇಷ್ಟಕ್ಕೇ ನಿಂತಿದ್ದರೆ ಅವಮಾನವನ್ನು ಹೊಟ್ಟೆಗೆ ಹಾಕಿಕೊಂಡು ಅವನು ಸುಮ್ಮನಾಗುತ್ತಿದ್ದ. ಆದರೆ ಅವನ ಒಬ್ಬಳೇ ಮಗಳನ್ನು ಕೊಟ್ಟಿದ್ದು ಬಿಳಿಮಣ್ಣಿನ ಊರಿಗೆ. ಪ್ರಯೋಗದ ಮಣ್ಣು ಬಂದಿದ್ದೇ ಅವಳ ನಾಲ್ಕು ಎಕರೆಯಿಂದ. ಮಣ್ಣು ಕೊಟ್ಟ ಪುಣ್ಯಕ್ಕೆ ಬೀಜ ಸಿಗುವವರ ಪಟ್ಟಿಯಲ್ಲಿ ಅವಳ ಗಂಡನ ಹೆಸರು ಎಲ್ಲಕ್ಕಿಂತ ಮೇಲಿತ್ತು. ಷರತ್ತು ಒಂದೇ. ನಲವತ್ತೊಂದನ್ನು ಬಿತ್ತುವ ಹೊಲಕ್ಕೆ ಸತು ಹಾಕಕೂಡದು. ಹಾಗೆ ನಡೆದುಕೊಂಡರೆ ಬೆಳೆಯನ್ನೆಲ್ಲ ಕೇಂದ್ರವೇ ಬೀಜಕ್ಕೆಂದು ಕೊಳ್ಳುತ್ತದೆ, ರಸ್ತೆ ಬದಿಯಲ್ಲಿ ರೈತನ ಹೆಸರಿನ ಬೋರ್ಡು ಹಾಕುತ್ತದೆ. ಅಳಿಯ ಸಹಿ ಹಾಕಿದ್ದಷ್ಟೇ ಅಲ್ಲ, ಬೋರ್ಡಿಗೆ ಗುಂಡಿಯನ್ನೂ ತೋಡಿಟ್ಟಿದ್ದ. ಬೀಜ ಬಿತ್ತುವುದಕ್ಕಿಂತ ಮುಂಚೆ ಬೋರ್ಡು ನೆಡುವ ಉತ್ಸಾಹ ಅವನದು. ಕೈಯಾರೆ ನೀರು ಹಾಕಿ ನೋಡಿದ್ದ ಆ ಬಿಳಿಚಿದ ಎಲೆಗಳೇ ಮಗಳ ನಾಲ್ಕು ಎಕರೆಯ ತುಂಬ ನಿಲ್ಲುವುದು ನೀರಣ್ಣನ ಕಣ್ಣಿಗೆ ಕಟ್ಟಿತು.

ಒಂದು ಹಸಿರು ಕುಂಡ, ಒಂದು ಬಿಳಿಚಿದ ಕುಂಡ, ಎರಡನ್ನೂ ಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಮಗಳ ಮನೆಗೆ ಹೋದ. ಇದೆಲ್ಲ ಅವನೇ ಆಮೇಲೆ ನನಗೆ ಹೇಳಿದ್ದು. ಅಳಿಯ ಕುಂಡಗಳನ್ನು ನೋಡಿ ನಕ್ಕನಂತೆ. ಮಾವ, ಡೈರೆಕ್ಟರು ಎಷ್ಟು ಪುಸ್ತಕ ಓದಿದಾರೆ ಗೊತ್ತಾ ಎಂದನಂತೆ. ಬೀಜದ ಜೊತೆ ಹೊಟ್ಟೆಕಿಚ್ಚನ್ನೂ ಹಂಚುತ್ತಾರೇನೋ ಎಂದು ಗೊಣಗಿ ಹೊರಗೆ ಹೋದನಂತೆ. ಮಗಳು ಕುಂಡಗಳನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು, ಬಿಳಿಚಿದ ಎಲೆಯನ್ನು ಬೆರಳಿನಿಂದ ಸವರಿದಳು. ಪಾತ್ರೆ ತೊಳೆದಳು. ಮತ್ತೆ ಬಂದು ನೋಡಿದಳು.

“ಎಕರೆಗೆ ಎಷ್ಟು ಹಾಕ್ಬೇಕಪ್ಪ?” ಎಂದಳು.

“ಸತುವಿನ ಸಲ್ಫೇಟು ಹತ್ತು ಕಿಲೋ.”

“ಇವರಿಗೆ ಹೇಳ್ಬೇಡ.”

ಬಿತ್ತನೆಗೆ ಮುಂಚೆ ನಮ್ಮ ಕೇಂದ್ರದಲ್ಲಿ ರೈತರಿಗೆ ಎರಡು ದಿನದ ತರಬೇತಿ ನಡೆಯಿತು. ನಲವತ್ತೊಂದಕ್ಕೆ ಸತು ಏಕೆ ಬೇಡ ಎಂಬುದೇ ವಿಷಯ. ಅಳಿಯ ಮೊದಲ ಸಾಲಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡ. ಮಾವ ಲೋಟಗಳ ತಟ್ಟೆ ಹಿಡಿದು ಅವನಿಗೂ ನೀರು ಕೊಟ್ಟು ಹೋದ. ಅದೇ ಎರಡು ದಿನಗಳಲ್ಲಿ ಅತ್ತ ಮಗಳು ನಲವತ್ತು ಕಿಲೋ ಸತುವಿನ ಸಲ್ಫೇಟನ್ನು ಒಣಮಣ್ಣಿನಲ್ಲಿ ಬೆರೆಸಿ, ಹೊಲದ ಉದ್ದಗಲಕ್ಕೆ ಕೈಯಲ್ಲೇ ಎರಚಿ, ಮೇಲೆ ಹರಗಿಸಿ, ಏನೂ ಆಗದವಳ ಹಾಗೆ ಮನೆಗೆ ಬಂದು ಅನ್ನಕ್ಕಿಟ್ಟಳು. ಗಂಡ ತರಬೇತಿಯಿಂದ ಬಂದು ಕಲಿತದ್ದನ್ನೆಲ್ಲ ಅವಳಿಗೆ ಪಾಠ ಮಾಡಿದನಂತೆ. ಅವಳು ಹೂಂಗುಟ್ಟಿದಳಂತೆ.

ಆರು ವಾರದಲ್ಲಿ ಆ ಊರಿನ ಗೋಧಿ ತನ್ನ ವರದಿಯನ್ನು ತಾನೇ ಬರೆಯಿತು. ಮೂವತ್ತೆರಡು ಹೊಲಗಳಲ್ಲಿ ನಲವತ್ತೊಂದು ಗುಜ್ಜಾಗಿ, ತೇಪೆ ತೇಪೆಯಾಗಿ, ಬಿಳಿಚಿಕೊಂಡು ನಿಂತಿತು. ಮೂವತ್ತಮೂರನೆಯದು ನೀರಣ್ಣನ ಮಗಳದು. ಅದು ಮಾತ್ರ ಹಸಿರುಗಟ್ಟಿ ತೂಗುತ್ತಿತ್ತು. ಅಳಿಯ ದಿನಾ ಬೆಳಿಗ್ಗೆ ಬದುವಿನ ಮೇಲೆ ನಿಂತು, ಬಂದವರಿಗೆಲ್ಲ, ಹೇಳಿದ ಹಾಗೆ ಮಾಡಿದರೆ ಹೀಗಾಗುತ್ತೆ ಎಂದು ಉಪದೇಶ ಮಾಡುತ್ತಿದ್ದ. ಅವನು ಒಂದಕ್ಷರ ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಹೇಳಿದ ಹಾಗೆಯೇ ಮಾಡಿದ್ದ.

ಡೈರೆಕ್ಟರಿಗೆ ಕಟಾವಿನವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಮೇಲಿನ ಸಮಿತಿಯನ್ನು ಕರೆತಂದು ಆ ಹೊಲವನ್ನು ತೋರಿಸುವುದೆಂದಾಯಿತು. ಸುದ್ದಿ ಕೇಳಿದ ದಿನ ನೀರಣ್ಣ ಸ್ಟೋರಿಗೆ ಬಂದು ಮೂಟೆಯ ಮೇಲೆ ಕೂತ. ಮಗಳ ಬೆಳೆ ಉಳಿಯಲಿ ಎಂದು ಮಾಡಿದ್ದು ಈಗ ಸುಳ್ಳಿಗೆ ಸಾಕ್ಷಿಯಾಗಿ ನಿಂತಿದೆ ಎಂದ. ಹೇಳಿದರೆ ಕರಾರು ಮುರಿಯುತ್ತದೆ, ಬೆಳೆಯನ್ನು ಬೀಜಕ್ಕೆ ಕೊಳ್ಳುವುದಿಲ್ಲ, ಅಳಿಯ ಊರಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ, ಮಗಳ ಸಂಸಾರ ಏನಾಗುತ್ತದೋ. ಹೇಳದಿದ್ದರೆ ಮುಂದಿನ ವರ್ಷ ಬಿಳಿಮಣ್ಣಿನ ಅಷ್ಟೂ ಊರುಗಳಿಗೆ ನಲವತ್ತೊಂದು ಹೋಗುತ್ತದೆ. ಏನು ಮಾಡಲಿ ಎಂದು ನನ್ನನ್ನು ಕೇಳಿದ. ಬಾಯಿ ಮುಚ್ಚಿಕೊಂಡಿರುವ ವಿಷಯದಲ್ಲಿ ನನಗಿಂತ ಅನುಭವಸ್ಥ ಆ ಕಚೇರಿಯಲ್ಲಿ ಯಾರೂ ಇರಲಿಲ್ಲ. ಅದೇ ಸಲಹೆ ಕೊಟ್ಟೆ.

ಆ ದಿನ ಜೀಪುಗಳಲ್ಲಿ ಹೋದೆವು. ಕುರ್ಚಿ, ಶಾಮಿಯಾನ, ನೀರಿನ ಕ್ಯಾನು ನನ್ನ ಹೊಣೆ. ಕ್ಯಾನಿನಿಂದ ಲೋಟಕ್ಕೆ ಬಗ್ಗಿಸಿ ಕೊಡುವುದು ನೀರಣ್ಣನ ಹೊಣೆ. ಸಮಿತಿಯ ಮೂವರು ಬದುವಿನ ಮೇಲೆ ನಡೆದು, ಎಡಕ್ಕೆ ಹಸಿರು, ಬಲಕ್ಕೆ ಬಿಳುಪು ನೋಡಿ ಹುಬ್ಬೇರಿಸಿದರು. ಬಲಗಡೆಯ ಹೊಲ ಒಬ್ಬ ಅಜ್ಜನದು. ಇದ್ದ ಅಷ್ಟೂ ಜಮೀನಿಗೆ ನಲವತ್ತೊಂದನ್ನೇ ಬಿತ್ತಿದ್ದರು. ಒಂದು ಬುಡ ಕಿತ್ತು ತಂದು ಡೈರೆಕ್ಟರ ಮುಂದೆ ಹಿಡಿದು, ಇದು ಯಾಕೆ ಹೀಗೆ ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು.

“ಮಣ್ಣು ಅದೇ, ಬೀಜ ಅದೇ ಅಜ್ಜ,” ಎಂದರು ಡೈರೆಕ್ಟರು. “ನೀವು ನೀರು ಸರಿಯಾಗಿ ಹಾಯಿಸಿಲ್ಲ.”

ನೀರಣ್ಣ ಲೋಟಗಳ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ. ಅವನು ಬಾಯಿ ತೆರೆದ. ಆಚೆ ನಿಂತಿದ್ದ ಮಗಳ ಕಡೆ ನೋಡಿದ. ಬಾಯಿ ಮುಚ್ಚಿದ. ಅದನ್ನು ನಾನು ನೋಡಿದೆ, ಮಗಳೂ ನೋಡಿದಳು. ಅವಳು ಕಾಲುವೆ ದಾಟಿ ಈಚೆ ಬಂದಳು.

“ಅಜ್ಜ ನೀರು ಸರಿಯಾಗೇ ಹಾಯ್ಸಿದಾರೆ ಸಾರ್,” ಎಂದಳು. “ನಮ್ಮ ಹೊಲಕ್ಕೆ ಸತು ಹಾಕಿದೆ. ಎಕರೆಗೆ ಹತ್ತು ಕಿಲೋ. ಹಾಕ್ದೋಳು ನಾನು, ಇವರಿಗೆ ಗೊತ್ತಿಲ್ಲ.”

ಅಳಿಯ ಮೊದಲು ತಮಾಷೆ ಎಂದುಕೊಂಡು ನಕ್ಕ. ಹೆಂಡತಿಯ ಮುಖ ನೋಡಿದ ಮೇಲೆ ನಗು ನಿಂತಿತು. ಯಾರು ಹಾಕಿಸಿದ್ದು ಎಂದು ಡೈರೆಕ್ಟರು ಕೇಳುವ ಮುಂಚೆಯೇ ನೀರಣ್ಣ ತಟ್ಟೆಯನ್ನು ನೆಲಕ್ಕಿಟ್ಟು, ನಾನೇ ಎಂದ. ಜಾಲರಿ, ಇಬ್ಬನಿ, ಆರೇಳು ಗ್ರಾಂ, ಕಂಬದ ಮೂಲೆಯ ಕುಂಡ, ಪಂಪ್‌ಹೌಸಿನ ಹಿಂದಿನ ಹತ್ತು ಕುಂಡ, ಎಲ್ಲವನ್ನೂ ಒಂದಾದ ಮೇಲೊಂದರಂತೆ, ನೋಟ್‌ಬುಕ್ಕು ಓದಿದ ಹಾಗೆ ಹೇಳಿದ. ಸಮಿತಿಯವರಲ್ಲಿ ಒಬ್ಬರು ಆ ಜಾಲರಿ ಹಾಕಿಸಿದ್ದು ಯಾರು ಎಂದು ಕೇಳಿದರು. ನೀರಣ್ಣ ನನ್ನ ಕಡೆ ನೋಡಲೂ ಇಲ್ಲ. ಗುಬ್ಬಚ್ಚಿ ಕಾಟ ಸಾರ್, ಏನೋ ಹಾಕಿದ್ವಿ ಎಂದುಬಿಟ್ಟ. ನಾನು ಖಾಲಿ ಕುರ್ಚಿಗಳನ್ನು ಎಣಿಸುತ್ತಾ ನಿಂತಿದ್ದೆ.

ಡೈರೆಕ್ಟರು ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಮಿತಿಯವರನ್ನು ಶಾಮಿಯಾನದ ಕಡೆಗೆ ಕರೆದೊಯ್ಯುತ್ತಾ, ನೋಡಿದಿರಾ, ಸತುವಿಗೆ ಈ ತಳಿ ಎಷ್ಟು ಚೆನ್ನಾಗಿ ಸ್ಪಂದಿಸುತ್ತದೆ ಎನ್ನುತ್ತಿದ್ದುದು ನನ್ನ ಕಿವಿಗೆ ಬಿತ್ತು. ಮುಂದೆ ಅದೇ ಹೆಸರಿನಲ್ಲಿ ಅವರ ಪ್ರಬಂಧ ಅಚ್ಚಾಯಿತು.

ಬದುವಿನ ಮೇಲೆ ಉಳಿದವರು ರೈತರು. ಅವರು ನೀರಣ್ಣನನ್ನು ಸುತ್ತುವರಿದರು. ಈಗ ಏನಾದರೂ ಮಾಡಬಹುದೇ ಎಂದು ಯಾರೋ ಕೇಳಿದರು. ಅಭ್ಯಾಸಬಲದಿಂದ ಅವನು ಅಪ್ಪಣೆಗಾಗಿ ಡೈರೆಕ್ಟರ ಬೆನ್ನಿನ ಕಡೆ ನೋಡಿದ. ಆಮೇಲೆ ಕಾಯಲಿಲ್ಲ. ಇನ್ನೂ ಕಾಲ ಮಿಂಚಿಲ್ಲ, ಬೇರು ಕೊಡದಿದ್ದರೆ ಎಲೆಯಿಂದ ಕೊಡಬಹುದು ಎಂದ. ಒಂದು ಲೀಟರ್ ನೀರಿಗೆ ಐದು ಗ್ರಾಂ ಸತುವಿನ ಸಲ್ಫೇಟು, ಅದರ ಅರ್ಧದಷ್ಟು ಸುಣ್ಣ, ಇಲ್ಲದಿದ್ದರೆ ಎಲೆ ಸುಡುತ್ತದೆ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಜನ ಬಾಯಲ್ಲೇ ಲೆಕ್ಕ ಹಾಕಿಕೊಳ್ಳುತ್ತಿದ್ದರು. ಅಜ್ಜ ಮಾತ್ರ ಕಿತ್ತ ಬುಡವನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

“ಇದು ನಿಂಗೆ ಬಿತ್ತೋಕೆ ಮುಂಚೇನೇ ಗೊತ್ತಿತ್ತಾ?” ಎಂದು ಕೇಳಿದರು.

“ಗೊತ್ತಿತ್ತು ಅಜ್ಜ.”

“ಮಗಳಿಗೆ ಮಾತ್ರ ಹೇಳ್ದೆ.”

ಕುಂಡಗಳನ್ನು ತೋರಿಸಿದ್ದೆ, ಡೈರೆಕ್ಟರು ಕೇಳಲಿಲ್ಲ ಎಂದು ನೀರಣ್ಣ ಹೇಳಬಹುದಿತ್ತು. ಹಾಗೆ ಹೇಳಲಿಲ್ಲ. ಬಸ್ಸಿನಲ್ಲಿ ಎರಡು ಕುಂಡ ತಂದವನು ಪಕ್ಕದ ಮನೆಯ ಬಾಗಿಲಿಗೂ ಒಂದು ಹೆಜ್ಜೆ ಹಾಕಬಹುದಿತ್ತು, ಅದು ಅವನಿಗೂ ಗೊತ್ತಿತ್ತು. ಅವನ ಕಣ್ಣು ತುಂಬಿದ್ದು ನನಗೆ ಕಂಡಿತು. ನನಗಂತೂ ಹೇಳಲು ಮಗಳೂ ಇರಲಿಲ್ಲ, ಹಾಗಾಗಿ ನಾನು ಯಾರಿಗೂ ಹೇಳಿರಲಿಲ್ಲ. ಆ ಪ್ರಶ್ನೆ ನನ್ನ ಹತ್ತಿರ ಬಾರದೆ ಹೋದದ್ದಕ್ಕೆ ಅವತ್ತು ಸಮಾಧಾನಪಟ್ಟೆ. ಇವತ್ತು ಪಡುವುದಿಲ್ಲ.

ಮಗಳ ಕರಾರು ಮುರಿದುಬಿತ್ತು. ಬೆಳೆ ಚೆನ್ನಾಗಿಯೇ ಬಂದು ಎಲ್ಲರ ಗೋಧಿಯ ಜೊತೆ ಸಂತೆಗೆ ಹೋಯಿತು. ಅಳಿಯ ಬೋರ್ಡಿನ ಗುಂಡಿಗೆ ಮಣ್ಣು ಮುಚ್ಚಿದ, ಒಂದು ತಿಂಗಳು ಮಾವನ ಜೊತೆ ಮಾತು ಬಿಟ್ಟ. ನೀರಣ್ಣ ಮಾರನೆಯ ದಿನವೇ ಉಳಿದಿದ್ದ ರಜೆಯನ್ನೆಲ್ಲ ಒಟ್ಟಿಗೆ ಬರೆದುಕೊಟ್ಟು, ಒಂದು ಚಿಕ್ಕ ತಕ್ಕಡಿ ಹಿಡಿದುಕೊಂಡು ಆ ಊರಿಗೆ ಹೋದ. ಸಲ್ಫೇಟನ್ನೂ ಸುಣ್ಣವನ್ನೂ ತಾನೇ ತೂಗಿ ಕಲಸಿದ, ಬೆನ್ನಿಗೆ ಪಂಪು ಕಟ್ಟಿಕೊಂಡು ಆಯಾ ಹೊಲದ ಮನೆಯವರ ಜೊತೆ ಮೂವತ್ತೆರಡು ಹೊಲಗಳಲ್ಲೂ ಸಿಂಪಡಿಸಿದ. ಹದಿನೈದು ದಿನದ ನಂತರ ಇನ್ನೊಂದು ಸುತ್ತು. ಮೊದಲ ಸುತ್ತಿನ ಮೊದಲ ಹೊಲ ಅಜ್ಜನದು. ಎರಡನೇ ಸುತ್ತಿನ ಹೊತ್ತಿಗೆ ಅವರ ಗೋಧಿಯ ಹೊಸ ಎಲೆಗಳು ಹಸಿರಾಗಿ ಬರುತ್ತಿದ್ದವು. ಹಳೆಯ ಎಲೆಗಳು ಬಿಳಿಚಿದವು ಬಿಳಿಚಿದಂತೆಯೇ ಉಳಿದವು. ಅವು ಮತ್ತೆ ಹಸಿರಾಗುವುದಿಲ್ಲ.

ಕೊನೆಯ ದಿನ ಪಂಪು ತೊಳೆಯುತ್ತಿದ್ದಾಗ ಅಜ್ಜ ಒಳಗಿನಿಂದ ಚಹಾ ತಂದು ಅವನ ಪಕ್ಕದಲ್ಲಿಟ್ಟರಂತೆ. ಪರವಾಗಿಲ್ಲ ಬಿಡು ಎನ್ನಲಿಲ್ಲ. ನೀರಣ್ಣನೂ ಅದನ್ನು ನಿರೀಕ್ಷಿಸಲಿಲ್ಲ.

“ಮುಂದೆ ಇಂಥದ್ದೇನಾದ್ರೂ ಗೊತ್ತಾದ್ರೆ,” ಎಂದರಂತೆ ಅಜ್ಜ, “ನಮಗೂ ಹೇಳಪ್ಪ.”